ಪುಟ ಸಿಗದಿದ್ದರೆ ಬಾಕಿ ಸೊನ್ನೆಯೇ? ಅಡಿಕೆ ಸಂಘವೊಂದರ ತಂತ್ರಾಂಶದ ಪ್ರಕರಣ

ಮುಂಗಡ ಪಡೆದಿದ್ದ ಬೆಳೆಗಾರರೊಬ್ಬರ ಅಡಿಕೆ ಮಾರಾಟವಾಯಿತು. ಮಾರಾಟದ ಪೂರ್ತಿ ಹಣ ಅವರ ಬ್ಯಾಂಕ್ ಖಾತೆಗೆ ಜಮೆಯಾಯಿತು, ಮುಂಗಡ ಮುರಿದುಕೊಳ್ಳಲೇ ಇಲ್ಲ. ತಂತ್ರಾಂಶ ಎಲ್ಲೂ ಎಡವಲಿಲ್ಲ. ಲಾಗ್‌ನಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಸದಸ್ಯರನ್ನು ಹುಡುಕುವ ಮೆಥಡ್‌ಗೆ (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡ್ ತುಣುಕಿಗೆ) ಸದಸ್ಯರು ಸಿಕ್ಕಿರಲಿಲ್ಲ, ಆದರೆ ಅದು ಹಾಗೆಂದು ಹೇಳಿರಲಿಲ್ಲ.

ಹುಡುಕಿದ್ದು ಸಿಗದಿದ್ದಾಗ ಏನನ್ನು ಹಿಂದಿರುಗಿಸಬೇಕು ಎನ್ನುವುದು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ (ಮಾಹಿತಿಯನ್ನೂ ಅದರ ಕೆಲಸವನ್ನೂ ಆಬ್ಜೆಕ್ಟ್ ಎಂಬ ಘಟಕಗಳಾಗಿ ಕಟ್ಟುವ ಶೈಲಿಯಲ್ಲಿ) ದಿನಕ್ಕೆ ಹತ್ತು ಸಲ ಎದುರಾಗುವ ಪ್ರಶ್ನೆ. ಕೈಗೆ ಬಂದಂತೆ ಉತ್ತರ ಕೊಟ್ಟರೆ ಏನಾಗುತ್ತದೆ, ಆಮೇಲೆ ಅದನ್ನು ಹೇಗೆ ಸರಿಪಡಿಸಬಹುದು ಎನ್ನುವುದನ್ನು ತೋರಿಸಲು ಈ ಪ್ರಕರಣವನ್ನು ಬರೆದಿದ್ದೇವೆ. ಸಂಘ, ಶಾಖೆ, ವ್ಯಕ್ತಿಗಳ ಗುರುತು ಮರೆಸಿದೆ. ಮೊತ್ತಗಳನ್ನೂ ಸದಸ್ಯ ಸಂಖ್ಯೆಗಳನ್ನೂ ಬದಲಿಸಿದೆ. ಎಲ್ಲರೂ ಓದಲು ಅನುಕೂಲವಾಗಲೆಂದು ಕ್ಲಾಸ್ (ಆಬ್ಜೆಕ್ಟ್‌ಗಳ ಅಚ್ಚು) ಮತ್ತು ಮೆಥಡ್‌ಗಳಿಗೆ ಕನ್ನಡದ ಹೆಸರಿಟ್ಟಿದೆ.

ಹಿನ್ನೆಲೆ

ಇದು ಶಿವಮೊಗ್ಗ ಜಿಲ್ಲೆಯ ಒಂದು ಅಡಿಕೆ ಮಾರಾಟ ಸಹಕಾರ ಸಂಘ. ಶಾಖೆಗಳು ಮಲೆನಾಡಿನ ತಾಲೂಕುಗಳಲ್ಲಿವೆ. ಬೆಳೆಗಾರರು ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಚೀಲದಲ್ಲಿ ತರುತ್ತಾರೆ. ಶಾಖೆಯಲ್ಲಿ ತೂಕವಾಗಿ, ಆವಕ ಚೀಟಿ ಬರೆದು, ಪ್ರತಿ ಬಗೆಗೂ ಒಂದೊಂದು ಲಾಟ್ ನಂಬರ್ ಕೊಡುತ್ತಾರೆ. ಟೆಂಡರ್ ದಿನ ವ್ಯಾಪಾರಿಗಳು ಮಾದರಿ ನೋಡಿ ಕ್ವಿಂಟಲ್‌ಗೆ ಇಷ್ಟೆಂದು ದರ ಹಾಕುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರರು ಲಾಟನ್ನು ಮಾರದೆ ಮುಂದಿನ ಟೆಂಡರ್‌ಗೆ ಉಳಿಸಿಕೊಳ್ಳಬಹುದು. ಒಪ್ಪಿದರೆ ಸಂಜೆ ಪಟ್ಟಿ ತಯಾರಾಗುತ್ತದೆ: ಮಾರಾಟದ ಮೊತ್ತದಲ್ಲಿ ಕಮಿಷನ್, ಹಮಾಲಿ, ಹಿಂದೆ ಪಡೆದ ಮುಂಗಡದ ಬಾಕಿ ಮುರಿದುಕೊಂಡು ಉಳಿದದ್ದು ಬೆಳೆಗಾರರ ಖಾತೆಗೆ.

ತಂತ್ರಾಂಶವನ್ನು ಜಾವಾದಲ್ಲಿ ಬರೆಯಲಾಗಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಮೊದಲು ಜಾವಾ 8ರಲ್ಲಿತ್ತು, ನಂತರ 21ಕ್ಕೆ ಬಂತು. ಈ ಬದಲಾವಣೆ ಮುಂದೆ ಮುಖ್ಯವಾಗುತ್ತದೆ. ‘ಸದಸ್ಯಭಂಡಾರ’ ಎಂಬ ಕ್ಲಾಸ್ ಸದಸ್ಯರನ್ನು ಹುಡುಕುತ್ತದೆ, ‘ಮುಂಗಡಭಂಡಾರ’ ಬಾಕಿ ಹೇಳುತ್ತದೆ, ‘ಪಟ್ಟಿಲೆಕ್ಕ’ ಇವೆರಡನ್ನೂ ಕೇಳಿ ಪಟ್ಟಿ ಮಾಡುತ್ತದೆ.

ನಲ್, ಆಮೇಲೆ ಖಾಲಿ ಸದಸ್ಯ

ಆರಂಭದಲ್ಲಿ ಹುಡುಕುವ ಮೆಥಡ್‌ಗಳು ಏನೂ ಸಿಗದಿದ್ದರೆ ನಲ್, ಅಂದರೆ ‘ಇಲ್ಲಿ ಯಾವ ಆಬ್ಜೆಕ್ಟೂ ಇಲ್ಲ’ ಎಂಬ ಗುರುತು, ಕೊಡುತ್ತಿದ್ದವು. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್ ಸೇರಿಸಿದ್ದು ಅದನ್ನು ಅಳವಡಿಸುವುದು ಬಹಳ ಸುಲಭವಾಗಿತ್ತು ಎಂಬ ಕಾರಣಕ್ಕೆ. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರ್‌ನ ತಪ್ಪು ಎಂದು ಕರೆದರು. ಇಲ್ಲಿ ನಡೆದದ್ದೂ ಅಷ್ಟೇ ಸಹಜವಾಗಿತ್ತು. ಶಾಖೆಯಲ್ಲಿ ಸದಸ್ಯ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ಪರದೆ ಬಿಳಿಯಾಗಿ ನಿಲ್ಲುತ್ತಿತ್ತು. ಸದಸ್ಯರಿಂದ ಶಾಖೆ, ಶಾಖೆಯಿಂದ ವಲಯ, ವಲಯದಿಂದ ಹಮಾಲಿ ದರ ಎಂದು ಒಂದೇ ಸಾಲಿನಲ್ಲಿ ಮೂರು ನಾಲ್ಕು ಚುಕ್ಕೆ ಹಾಕಿ ಬರೆದ ಕೋಡ್ ಅದು. ಯಾವ ಚುಕ್ಕೆಯ ಹಿಂದೆ ನಲ್ ಇತ್ತು ಎಂದು ಜಾವಾ 8ರ ಎಕ್ಸೆಪ್ಷನ್ (ಓಟವನ್ನು ನಡುವೆಯೇ ನಿಲ್ಲಿಸುವ ದೋಷಸೂಚನೆ) ಹೇಳುತ್ತಿರಲಿಲ್ಲ, ಸಾಲಿನ ಸಂಖ್ಯೆಯನ್ನಷ್ಟೇ ಕೊಡುತ್ತಿತ್ತು. ಆ ವಿವರ ಬಂದದ್ದು 2020ರ ಜಾವಾ 14ರಲ್ಲಿ, ತಾನಾಗಿ ಕಾಣಿಸತೊಡಗಿದ್ದು 15ರಿಂದ.

ಕಂಡಕಂಡಲ್ಲಿ ‘ನಲ್ ಅಲ್ಲದಿದ್ದರೆ’ ಎಂಬ ಷರತ್ತು ಸೇರಿಸುತ್ತಾ ಹೋದರು. ಷರತ್ತು ಮರೆತರೆ ಕಂಪೈಲರ್ (ಓಡಿಸುವ ಮುನ್ನ ಕೋಡನ್ನು ಪರೀಕ್ಷಿಸಿ ಅನುವಾದಿಸುವ ತಂತ್ರಾಂಶ) ನೆನಪಿಸುವುದಿಲ್ಲ, ಆದ್ದರಿಂದ ಮರೆತ ಜಾಗ ಯಾವುದೆಂದು ಪ್ರತಿ ಸಲವೂ ಶಾಖೆಯಿಂದ ಬರುವ ಫೋನ್ ಕರೆಯೇ ತಿಳಿಸಬೇಕಿತ್ತು.

ಈ ಕಾಟ ತಪ್ಪಿಸಲು ತಂಡ ಆರಿಸಿಕೊಂಡ ದಾರಿ ನಲ್ ಆಬ್ಜೆಕ್ಟ್ ವಿನ್ಯಾಸ. ಸದಸ್ಯರು ಸಿಗದಿದ್ದರೆ ನಲ್ ಬದಲು ‘ಖಾಲಿಸದಸ್ಯ’ ಎಂಬ ಆಬ್ಜೆಕ್ಟ್. ಅದರ ಹೆಸರು ಖಾಲಿ ಅಕ್ಷರಮಾಲೆ, ಗ್ರಾಮ ಖಾಲಿ, ಮುಂಗಡ ಬಾಕಿ ಸೊನ್ನೆ. ಕೋಡ್ ನಿಜಕ್ಕೂ ಚೊಕ್ಕಟವಾಯಿತು. ಷರತ್ತುಗಳೆಲ್ಲ ಮಾಯವಾದವು, ಪರದೆ ಬಿಳಿಯಾಗುವುದು ನಿಂತಿತು. ಸಿಗದ ಸಂಖ್ಯೆಗೆಂದು ಇದ್ದ ಒಂದೇ ಒಂದು ಟೆಸ್ಟ್ ‘ಉತ್ತರ ನಲ್ ಆಗಿರಬಾರದು’ ಎಂದು ಮಾತ್ರ ನೋಡುತ್ತಿತ್ತು. ಅದು ಪಾಸಾಯಿತು.

ಪೂರ್ತಿ ಹಣ ಹೋದದ್ದು ಹೇಗೆ

ಅಷ್ಟರಲ್ಲಿ ಒಂದು ಸಣ್ಣ ಗ್ರಾಮ ಸಂಘ ಈ ಸಂಘದೊಳಗೆ ವಿಲೀನವಾಗಿತ್ತು. ಎರಡೂ ಕಡೆ 214ನೇ ಸಂಖ್ಯೆಯ ಸದಸ್ಯರು ಇರಬಹುದಾದ್ದರಿಂದ, ವಿಲೀನವಾದ ಶಾಖೆಯ ಸಂಖ್ಯೆಗಳ ಮುಂದೆ ಒಂದು ಅಕ್ಷರ ಸೇರಿಸಿದ್ದರು: ‘ಹ-214’ ಎಂಬಂತೆ. ಒಬ್ಬ ಬೆಳೆಗಾರರು ಹಳೆಯ ಪಾಸ್‌ಬುಕ್ ಹಿಡಿದು ಬಂದರು. ಆವಕ ಚೀಟಿಯಲ್ಲಿ ಬರೀ ‘214’ ಎಂದು ದಾಖಲಾಯಿತು. ಮೂಲ ಸಂಘದಲ್ಲಿ 214 ಎಂಬ ಸದಸ್ಯತ್ವ ರದ್ದಾಗಿದ್ದರಿಂದ ಆ ಸಂಖ್ಯೆಯಲ್ಲಿ ಯಾರೂ ಇರಲಿಲ್ಲ. ಲಾಟ್ ಟೇಬಲ್‌ನಲ್ಲಿ ಸದಸ್ಯ ಸಂಖ್ಯೆ ಸಾದಾ ಅಕ್ಷರಗಳ ಕಾಲಂ, ಅದಕ್ಕೆ ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇರುವ ಸಂಖ್ಯೆಯನ್ನಷ್ಟೇ ಒಪ್ಪುವ ಕಟ್ಟು) ಇರಲಿಲ್ಲವಾದ್ದರಿಂದ ಡೇಟಾಬೇಸ್ ಕೂಡ ತಡೆಯಲಿಲ್ಲ.

ಸಂಜೆ ಪಟ್ಟಿಲೆಕ್ಕ ಓಡಿತು. ಸದಸ್ಯಭಂಡಾರ ಖಾಲಿಸದಸ್ಯನನ್ನು ಕೊಟ್ಟಿತು. ಅದರ ಬಾಕಿ ಸೊನ್ನೆ. ಮಾರಾಟದ ಮೊತ್ತ 2,40,000 ರೂಪಾಯಿ, ಮುರಿದುಕೊಳ್ಳಬೇಕಿದ್ದ ಮುಂಗಡ 80,000, ಮುರಿದುಕೊಂಡದ್ದು ಏನೂ ಇಲ್ಲ. ಬೆಳೆಗಾರರ ಹೆಸರು ಮತ್ತು ಬ್ಯಾಂಕ್ ಖಾತೆ ಆವಕ ಚೀಟಿಯಿಂದಲೇ ಬರುತ್ತಿದ್ದವು, ಹಾಗಾಗಿ ಹಣ ಸರಿಯಾದ ಖಾತೆಗೇ ಹೋಯಿತು, ಪಟ್ಟಿಯೂ ಸರಿಯಾಗಿಯೇ ಕಂಡಿತು. ಮುದ್ರಿತ ಪಟ್ಟಿಯಲ್ಲಿ ಒಂದೇ ಒಂದು ಕುರುಹು ಉಳಿದಿತ್ತು: ‘ಗ್ರಾಮ:’ ಎಂಬುದರ ಮುಂದೆ ಏನೂ ಇರಲಿಲ್ಲ. ದಿನಕ್ಕೆ ನೂರಾರು ಪಟ್ಟಿಗೆ ಸಹಿ ಹಾಕುವವರಿಗೆ ಅದು ಕಾಣಲಿಲ್ಲ, ಕಾಣಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಅದೇ ಗುಣದ ಇನ್ನೊಂದು ದೋಷ ತನಿಖೆಯಲ್ಲಿ ಹೊರಬಂತು. ದರ ಒಪ್ಪದೆ ಉಳಿಸಿಕೊಂಡ ಲಾಟ್‌ಗಳಿಗೆ ದರ ಸೊನ್ನೆ ಎಂದು ಬರುತ್ತಿತ್ತು. ಮೂರು ರಾಶಿ ಲಾಟ್‌ಗಳು ಕ್ವಿಂಟಲ್‌ಗೆ 49,000, 50,000, 51,000 ರೂಪಾಯಿಗೆ ಮಾರಾಟವಾಗಿ, ನಾಲ್ಕನೆಯದು ಮಾರಾಟವಾಗದಿದ್ದರೆ ಸರಾಸರಿ 50,000 ಆಗಬೇಕು. ತಂತ್ರಾಂಶ ಸೊನ್ನೆಯನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿ 37,500 ಎನ್ನುತ್ತಿತ್ತು. ಮಾರಾಟವಾಗದ ಲಾಟ್‌ಗೆ ದರವೇ ಇಲ್ಲ. ಸೊನ್ನೆಯೂ ಒಂದು ದರ, ಅದು ಬೇರೆ ಮಾತು.

ಎಲ್ಲಕ್ಕೂ ಎಕ್ಸೆಪ್ಷನ್

ಹಣ ಹೋದ ಆತಂಕದಲ್ಲಿ ತಂಡ ಇನ್ನೊಂದು ತುದಿಗೆ ಹಾರಿತು: ಯಾವ ಹುಡುಕಾಟದಲ್ಲಿ ಏನು ಸಿಗದಿದ್ದರೂ ಎಕ್ಸೆಪ್ಷನ್ ಎಸೆಯಬೇಕು. ಮುಂಗಡದ ವಿಷಯದಲ್ಲಿ ಇದು ಸರಿಯಾಗಿಯೇ ಕೆಲಸ ಮಾಡಿತು. ಆದರೆ ಹೆಸರಿನಿಂದ ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಾಗಲೂ ಹುಡುಕಾಟ ನಡೆಯುತ್ತಿತ್ತು. ಅರ್ಧ ಬರೆದ ಹೆಸರಿಗೆ ಯಾರೂ ಸಿಗದಿರುವುದು ದೋಷವೇ ಅಲ್ಲ, ಆದರೂ ಪ್ರತಿ ಸಲ ಲಾಗ್‌ಗೆ ಉದ್ದನೆಯ ಸ್ಟ್ಯಾಕ್ ಟ್ರೇಸ್ (ದೋಷ ಬಂದ ದಾರಿಯ ವಿವರ) ಬೀಳುತ್ತಿತ್ತು. ನಿಜವಾದ ದೋಷಗಳು ಆ ರಾಶಿಯಡಿ ಹೂತುಹೋದವು. ಸಂಜೆಯ ಓಟದಲ್ಲಿ ಒಂದು ಲಾಟ್‌ನ ಸದಸ್ಯ ಸಂಖ್ಯೆ ತಪ್ಪಿದ್ದರೆ ಅದರ ಹಿಂದಿದ್ದ ಎಲ್ಲರ ಪಟ್ಟಿಯೂ ನಿಂತುಹೋಗುತ್ತಿತ್ತು. ಹಣಕ್ಕಾಗಿ ಕಾದು ಕುಳಿತವರು ಶಾಖೆಯ ಜಗಲಿಯಲ್ಲಿ.

ಒತ್ತಡ ತಾಳಲಾರದೆ ಯಾರೋ ಒಂದು ಕಡೆ ಎಕ್ಸೆಪ್ಷನ್ ಹಿಡಿದು ಸೊನ್ನೆ ಕೊಡುವ ಕೋಡ್ ಹಾಕಿದರು. ನಮ್ಮ ಲೆಕ್ಕದಲ್ಲಿ ಇಡೀ ಪ್ರಕರಣದ ಅತ್ಯಂತ ಅಪಾಯದ ನಾಲ್ಕು ಸಾಲು ಅವು. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನ ಕ್ವೆರಿಫಾರ್‌ಆಬ್ಜೆಕ್ಟ್ ಮೆಥಡ್ ಒಂದು ಸಾಲೂ ಸಿಗದಿದ್ದರೆ ಎಂಪ್ಟಿರಿಸಲ್ಟ್‌ಡೇಟಾಆಕ್ಸೆಸ್‌ಎಕ್ಸೆಪ್ಷನ್ ಎಸೆಯುತ್ತದೆ. ಅವರು ಹಿಡಿದದ್ದು ಅದನ್ನಲ್ಲ, ಅದರ ಮೂಲ ಕ್ಲಾಸ್ ಆದ ಡೇಟಾಆಕ್ಸೆಸ್‌ಎಕ್ಸೆಪ್ಷನ್ ಅನ್ನು. ಡೇಟಾಬೇಸ್ ಸಂಪರ್ಕ ಕಡಿದುಹೋದಾಗ ಬರುವ ದೋಷವೂ ಅದೇ ಕುಟುಂಬದ್ದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಗಂಟೆಗಟ್ಟಲೆ ಇಲ್ಲದಿರುವುದು ಹೊಸದಲ್ಲ. ಸಂಪರ್ಕ ಹೋದಾಗ ಎಲ್ಲ ಸದಸ್ಯರ ಮುಂಗಡವೂ ಸೊನ್ನೆ ಎಂದು ಓದುವ ತಂತ್ರಾಂಶ ಅದಾಗಿತ್ತು. ಕೋಡ್ ಪರಿಶೀಲನೆಯಲ್ಲಿ ಇದು ಶಾಖೆಗೆ ತಲುಪುವ ಮುನ್ನ ಸಿಕ್ಕಿಬಿತ್ತು.

ಗುಮಾಸ್ತರ ಮೇಜಿನ ಮುಂದೆ

ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು. ಸದಸ್ಯ, ಮುಂಗಡ, ದರ ಇವುಗಳನ್ನು ಹುಡುಕುವ ಕೋಡ್ ಎಲ್ಲೆಲ್ಲಿ ಬಳಕೆಯಾಗಿದೆಯೋ ಅಷ್ಟನ್ನೂ ಹಾಳೆಗೆ ಇಳಿಸಿ, ಪ್ರತಿಯೊಂದರ ಪಕ್ಕದಲ್ಲಿ ‘ಸಿಗದಿದ್ದರೆ ಮುಂದೇನು?’ ಎಂಬ ಕಾಲಂ ಬಿಟ್ಟು, ಪ್ರೋಗ್ರಾಮರ್‌ಗಳು ಶಾಖೆಯ ಹಿರಿಯ ಗುಮಾಸ್ತರ ಬಳಿ ಕುಳಿತರು. ಕಾಗದದ ಲೆಡ್ಜರ್ ಕಾಲದಿಂದ ಮುಂಗಡದ ಲೆಕ್ಕ ಬರೆದವರು ಅವರು.

‘ಸರ್, ನಂಬರ್ ಸಿಗದಿದ್ರೆ ಬಾಕಿ ಸೊನ್ನೆ ಅಂತ ತಗೋಬಹುದಾ?’

‘ಹಂಗೆ ಹ್ಯಾಗೆ ತಗೊಳ್ಳೋದು ಮಾರಾಯ್ರೆ? ಲೆಡ್ಜರ್‌ನಲ್ಲಿ ಪುಟ ಸಿಗಲಿಲ್ಲ ಅಂದ್ರೆ ಪುಟ ಸಿಗಲಿಲ್ಲ, ಅಷ್ಟೆ. ಬಾಕಿ ಇಲ್ಲ ಅನ್ಬೇಕಾದ್ರೆ ಪುಟ ತೆಗೆದು ನೋಡಿರ್ಬೇಕು.’

ಅವರು ಹಳೆಯ ಲೆಡ್ಜರ್ ತೆಗೆದು ತೋರಿಸಿದರು. ಬಾಕಿ ತೀರಿದ ಪುಟದಲ್ಲಿ ಮೊತ್ತದ ಕೆಳಗೆ ಎರಡು ಗೆರೆ, ಪಕ್ಕದಲ್ಲಿ ಸಹಿ. ಬಾಕಿ ಇಲ್ಲ ಎನ್ನುವುದಕ್ಕೆ ಅಲ್ಲಿ ಸಾಕ್ಷಿ ಇತ್ತು. ಪುಟ ಸಿಗದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಬಂದ ಉತ್ತರ: ಆ ಒಂದು ಪಟ್ಟಿಯನ್ನು ತಡೆದು, ಬೆಳೆಗಾರರನ್ನು ಕರೆದು ಊರು, ತಂದೆ ಹೆಸರು ಕೇಳಿ, ಉಳಿದವರಿಗೆ ಹಣ ಕೊಡುವುದು. ಕೀಲಿ ಹಾಕಿದ ಕಪಾಟಿನಲ್ಲಿ ಲೆಡ್ಜರ್ ಇದ್ದು ಕೀಲಿ ಮ್ಯಾನೇಜರ್ ಬಳಿ ಇದ್ದರೆ? ಆಗ ಯಾರಿಗೂ ಪಟ್ಟಿ ಇಲ್ಲ.

ಬೇಕಾಗಿದ್ದ ವಿಂಗಡಣೆ ಇಷ್ಟರಲ್ಲೇ ಸಿಕ್ಕಿತು. ಪುಟ ಇದೆ, ಬಾಕಿ ಇದೆ. ಪುಟ ಇದೆ, ಬಾಕಿ ಇಲ್ಲ. ಪುಟ ಸಿಗಲಿಲ್ಲ. ಲೆಡ್ಜರನ್ನೇ ತೆರೆಯಲಾಗಲಿಲ್ಲ. ಕೊನೆಯದು ಮಾತ್ರ ಎಕ್ಸೆಪ್ಷನ್‌ಗೆ ತಕ್ಕದ್ದು. ಮೊದಲ ಮೂರೂ ಸಹಜ ಉತ್ತರಗಳು, ಆದರೆ ಮೂರೂ ಬೇರೆ ಬೇರೆ. ಹಿಂದಿನ ಮೂರು ವಿನ್ಯಾಸಗಳೂ ಇವುಗಳಲ್ಲಿ ಕೆಲವನ್ನು ಒಂದರೊಳಗೊಂದು ಬೆರೆಸಿದ್ದವು.

ಕಾಲಂ ತುಂಬಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಹುಡುಕಾಟಕ್ಕೆ ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಉತ್ತರ ಬರೆದಿತ್ತು. ಆವಕ ಚೀಟಿಯ ಪರದೆಯಲ್ಲಿ ಸದಸ್ಯರು ಸಿಗದಿದ್ದರೆ ‘ಮತ್ತೆ ಕೇಳು’, ಪಟ್ಟಿಯಲ್ಲಿ ‘ತಡೆಹಿಡಿ’, ಹೊಸ ಸದಸ್ಯತ್ವದ ಪರದೆಯಲ್ಲಿ ‘ಒಳ್ಳೆಯದು, ಮುಂದುವರಿ’. ಹುಡುಕುವ ಮೆಥಡ್ ತಾನಾಗಿ ಯಾವ ತೀರ್ಮಾನಕ್ಕೂ ಬರಬಾರದು ಎಂದು ತಂಡ ಒಪ್ಪಿದ್ದು ಆ ಹಾಳೆ ನೋಡಿ. ಅದರ ಕೆಲಸ ಸಿಕ್ಕಿತೋ ಇಲ್ಲವೋ ಎಂದು ನಿಖರವಾಗಿ ಹೇಳುವುದು. ಮುಂದೇನು ಎನ್ನುವುದು ಕೇಳಿದವರ ಹೊಣೆ.

ಹೊಸ ಕಟ್ಟುಪಾಡು

ಮೆಥಡ್‌ಗಳನ್ನು ಮೂರು ಬಗೆಯಾಗಿ ಮಾಡಿದರು, ಹೆಸರಿನಲ್ಲೇ ಬಗೆ ತಿಳಿಯುವಂತೆ. ‘ಹುಡುಕು’ ಎಂದು ಆರಂಭವಾಗುವುದು ಆಪ್ಷನಲ್ ಕೊಡುತ್ತದೆ. ಜಾವಾ 8ರಿಂದ ಇರುವ ಈ ಪೆಟ್ಟಿಗೆಯೊಳಗೆ ಒಂದು ಆಬ್ಜೆಕ್ಟ್ ಇರಬಹುದು ಅಥವಾ ಇಲ್ಲದಿರಬಹುದು, ಕೇಳಿದವರು ತೆರೆದು ನೋಡಲೇಬೇಕು. ‘ಕೊಡು’ ಎಂದು ಆರಂಭವಾಗುವುದು ಇದ್ದೇ ಇರಬೇಕಾದ ವಸ್ತುವಿಗೆ, ಇಲ್ಲದಿದ್ದರೆ ಸಂಖ್ಯೆಯನ್ನೂ ಶಾಖೆಯನ್ನೂ ಸಂದೇಶದಲ್ಲಿ ಹೊತ್ತ ಎಕ್ಸೆಪ್ಷನ್. ‘ಎಲ್ಲ’ ಎಂದು ಆರಂಭವಾಗುವುದು ಪಟ್ಟಿ (ಲಿಸ್ಟ್, ಮಾರಾಟದ ಪಟ್ಟಿಯಲ್ಲ) ಕೊಡುತ್ತದೆ, ಯಾರೂ ಸಿಗದಿದ್ದರೆ ಖಾಲಿ ಪಟ್ಟಿ, ಎಂದಿಗೂ ನಲ್ ಅಲ್ಲ. ಖಾಲಿ ಪಟ್ಟಿಯ ಮೇಲೆ ಲೂಪ್ ಓಡಿದರೆ ಸೊನ್ನೆ ಸಲ ಓಡುತ್ತದೆ, ಯಾವ ಷರತ್ತೂ ಬೇಡ. ಒಂದು ಎಚ್ಚರಿಕೆ: ಕಲೆಕ್ಷನ್ಸ್‌ನ ಎಂಪ್ಟಿಲಿಸ್ಟ್‌ಗೆ ಏನನ್ನೂ ಸೇರಿಸಲು ಬರುವುದಿಲ್ಲ, ಸೇರಿಸಿದರೆ ಅನ್‌ಸಪೋರ್ಟೆಡ್‌ಆಪರೇಷನ್‌ಎಕ್ಸೆಪ್ಷನ್ ಬರುತ್ತದೆ. ಕೆಲವು ಕಡೆ ಬಂದ ಪಟ್ಟಿಗೇ ‘ಎಲ್ಲ ಶಾಖೆ’ ಎಂಬ ಹೆಚ್ಚುವರಿ ಸಾಲು ಸೇರಿಸುವ ಹಳೆಯ ಕೋಡ್ ಇತ್ತು. ಅದು ಮೊದಲ ಖಾಲಿ ಫಲಿತಾಂಶಕ್ಕೇ ಮುರಿದುಬಿತ್ತು. ಸೇರಿಸುವ ಮುನ್ನ ಪ್ರತಿ ಮಾಡಿಕೊಳ್ಳುವಂತೆ ತಿದ್ದಿದರು.

ಆಪ್ಷನಲ್ ಅನ್ನು ಹಿಂದಿರುಗಿಸುವ ಮೌಲ್ಯಕ್ಕೆ ಮಾತ್ರ ಬಳಸಿದರು. ಕ್ಲಾಸ್‌ನ ಫೀಲ್ಡ್‌ನಲ್ಲಿ ಇಡಲಿಲ್ಲ. ಅದು ಸೀರಿಯಲೈಜಬಲ್ (ಬೈಟ್‌ಗಳಾಗಿ ಉಳಿಸಿ ಮರಳಿ ತರಬಲ್ಲದ್ದು) ಅಲ್ಲ, ಆ ಬಳಕೆಗೆಂದು ಮಾಡಿದ್ದೂ ಅಲ್ಲ.

ಆಪ್ಷನಲ್ ಬಂದ ಮೇಲೂ ಉಳಿದ ಸೋರಿಕೆಗಳು

ಇಲ್ಲಿಗೆ ಸಮಸ್ಯೆ ತೀರಿತೆಂದು ತಿಳಿಯುವವರು ಬಹಳ. ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇವೆ, ಏಕೆಂದರೆ ಹಳೆಯ ದೋಷಗಳು ಹೊಸ ವೇಷದಲ್ಲಿ ಮರಳಿದ್ದು ಇಲ್ಲೇ.

ಮೊದಲನೆಯದು ಆರ್‌ಎಲ್ಸ್, ಪೆಟ್ಟಿಗೆ ಖಾಲಿಯಿದ್ದರೆ ಬದಲಿ ಮೌಲ್ಯ ಕೊಡುವ ಆಪ್ಷನಲ್‌ನ ಮೆಥಡ್. ಪಟ್ಟಿಲೆಕ್ಕದಲ್ಲಿ ಒಬ್ಬರು ‘ಸಿಗದಿದ್ದರೆ ಸೊನ್ನೆ’ ಎಂದು ಆರ್‌ಎಲ್ಸ್ ಬರೆದರು. ಅಲ್ಲಿಗೆ ಖಾಲಿಸದಸ್ಯ ಮತ್ತೆ ಹುಟ್ಟಿದಂತೆಯೇ. ಹಣದ ಲೆಕ್ಕದಲ್ಲಿ ಆರ್‌ಎಲ್ಸ್‌ಗೆ ಸಂಖ್ಯೆ ಕೊಡಬಾರದು ಎಂಬ ನಿಯಮವನ್ನು ಪರಿಶೀಲನೆಗೆ ಸೇರಿಸಿದರು.

ಎರಡನೆಯದೂ ಆರ್‌ಎಲ್ಸ್‌ದೇ, ಆದರೆ ಬೇರೆ ಬಗೆ. ಸದಸ್ಯರಲ್ಲದವರಿಗೆ ತಾತ್ಕಾಲಿಕ ಸಂಖ್ಯೆ ಕೊಡುವ ಪರದೆಯಲ್ಲಿ, ಸಿಗದಿದ್ದರೆ ಹೊಸ ತಾತ್ಕಾಲಿಕ ಸಂಖ್ಯೆ ಸೃಷ್ಟಿಸುವ ಮೆಥಡ್ ಕರೆಯನ್ನು ಆರ್‌ಎಲ್ಸ್ ಆವರಣದೊಳಗೆ ಬರೆದಿದ್ದರು. ಆರ್‌ಎಲ್ಸ್‌ಗೆ ಕೊಡುವ ಮೌಲ್ಯವನ್ನು ಜಾವಾ ಮೊದಲೇ ಲೆಕ್ಕ ಹಾಕುತ್ತದೆ, ಪೆಟ್ಟಿಗೆ ತುಂಬಿದ್ದರೂ ಸರಿ. ಸದಸ್ಯರು ಸಿಕ್ಕಾಗಲೂ ಒಂದೊಂದು ತಾತ್ಕಾಲಿಕ ಸಂಖ್ಯೆ ಹುಟ್ಟಿ ವ್ಯರ್ಥವಾಗುತ್ತಿತ್ತು. ಸಂಖ್ಯೆಗಳ ನಡುವೆ ದೊಡ್ಡ ದೊಡ್ಡ ಅಂತರ ಏಕೆಂದು ಲೆಕ್ಕ ಪರಿಶೋಧನೆಯಲ್ಲಿ ಪ್ರಶ್ನೆ ಬಂತು. ಆರ್‌ಎಲ್ಸ್‌ಗೆಟ್ ಬಳಸಿ ಲ್ಯಾಂಬ್ಡಾ (ಬೇಕಾದಾಗ ಮಾತ್ರ ಓಡಿಸಬಹುದಾದ ಕೋಡ್ ತುಣುಕು) ಕೊಟ್ಟರೆ ಪೆಟ್ಟಿಗೆ ಖಾಲಿಯಿದ್ದಾಗ ಮಾತ್ರ ಅದು ಓಡುತ್ತದೆ. ತಿದ್ದುಪಡಿ ಒಂದೇ ಸಾಲು.

ಮೂರನೆಯದು ಮ್ಯಾಪ್, ಪೆಟ್ಟಿಗೆಯೊಳಗಿನ ಆಬ್ಜೆಕ್ಟ್‌ನಿಂದ ಇನ್ನೊಂದು ಮೌಲ್ಯ ತೆಗೆಯುವ ಮೆಥಡ್. ಸದಸ್ಯರನ್ನು ಹುಡುಕಿ, ಮ್ಯಾಪ್ ಮೂಲಕ ಅವರ ಮೊಬೈಲ್ ತೆಗೆದು, ಖಾಲಿಯಿದ್ದರೆ ‘ಸದಸ್ಯರು ಸಿಗಲಿಲ್ಲ’ ಎಂದು ತೋರಿಸುವ ಕೋಡ್ ಇತ್ತು. ಮ್ಯಾಪ್‌ಗೆ ಕೊಟ್ಟ ಮೆಥಡ್ ನಲ್ ಕೊಟ್ಟರೆ ಆಪ್ಷನಲ್ ಸದ್ದಿಲ್ಲದೆ ಖಾಲಿಯಾಗುತ್ತದೆ. ಸದಸ್ಯರಿದ್ದಾರೆ, ಅವರ ಮೊಬೈಲ್ ಮಾತ್ರ ದಾಖಲಾಗಿಲ್ಲ, ಆದರೂ ಪರದೆಯಲ್ಲಿ ‘ಸದಸ್ಯರು ಸಿಗಲಿಲ್ಲ’. ಶಾಖೆಯವರು ಅದನ್ನು ನಂಬಿ ಅದೇ ಬೆಳೆಗಾರರನ್ನು ಹೊಸದಾಗಿ ಸೇರಿಸಿ ಎರಡೆರಡು ಖಾತೆ ತೆರೆದರು. ಈಗ ಮೊದಲು ಸದಸ್ಯರಿದ್ದಾರೆಯೇ ಎಂದು ನೋಡಿ, ಮೊಬೈಲ್ ಪ್ರಶ್ನೆಯನ್ನು ಆಮೇಲೆ ಬೇರೆಯಾಗಿ ಕೇಳುತ್ತಾರೆ.

ಎಲ್ಲಕ್ಕಿಂತ ಆಳದ ಸೋರಿಕೆ ಇದ್ದದ್ದು ಜಾವಾದಲ್ಲಲ್ಲ, ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ. ಮುಂಗಡದ ಬಾಕಿ ತರುವ ಕ್ವೆರಿ ಮುಂಗಡ ಟೇಬಲ್‌ನಲ್ಲಿ ಆ ಸಂಖ್ಯೆಯ ಸಾಲುಗಳನ್ನು ಸಮ್ ಮಾಡುತ್ತಿತ್ತು, ಅಂದರೆ ಕೂಡಿಸುತ್ತಿತ್ತು. ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವ ಸೂಚನೆ) ಇಲ್ಲದ ಸಮ್ ಒಂದು ಸಾಲೂ ಹೊಂದದಿದ್ದರೂ ಫಲಿತಾಂಶವಾಗಿ ಒಂದು ಸಾಲು ಕೊಟ್ಟೇ ಕೊಡುತ್ತದೆ, ಅದರೊಳಗೆ ನಲ್. ಕೌಂಟ್ ಆದರೆ ಸೊನ್ನೆ ಕೊಡುತ್ತದೆ, ಸಮ್ ಹಾಗಲ್ಲ. ಆ ನಲ್ ಅನ್ನು, ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿಯ ಗೆಟ್‌ಲಾಂಗ್ ಓದಿದರೆ ಸೊನ್ನೆ ಬರುತ್ತದೆ, ನಿಜಕ್ಕೂ ನಲ್ ಇತ್ತೇ ಎಂದು ತಿಳಿಯಲು ತಕ್ಷಣ ವಾಸ್‌ನಲ್ ಕೇಳಬೇಕು. ಅದರ ಮೇಲೆ ನಲ್ ಇದ್ದಲ್ಲಿ ಸೊನ್ನೆ ಇಡುವ ಕೋಅಲೆಸ್ ಬೇರೆ ಹಾಕಿದ್ದರು. ಅಂದರೆ ಇಲ್ಲದ ಸದಸ್ಯ, ಮುಂಗಡ ಪಡೆಯದ ಸದಸ್ಯ, ತೀರಿಸಿದ ಸದಸ್ಯ, ಮೂವರೂ ಜಾವಾಕ್ಕೆ ತಲುಪುವ ಮೊದಲೇ ಒಂದೇ ಸೊನ್ನೆಯಾಗಿದ್ದರು. ಮೇಲೆ ಎಷ್ಟು ಚೆಂದದ ಕ್ಲಾಸ್ ಕಟ್ಟಿದರೂ ಕೆಳಗೆ ಕಳೆದುಹೋದದ್ದು ಮರಳಿ ಬರುವುದಿಲ್ಲ.

ತಿದ್ದಿದ ಕ್ವೆರಿ ಸದಸ್ಯ ಟೇಬಲ್‌ನಿಂದ ಹೊರಡುತ್ತದೆ, ಮುಂಗಡವನ್ನು ಲೆಫ್ಟ್ ಜಾಯಿನ್ ಮಾಡುತ್ತದೆ (ಮುಂಗಡ ಇಲ್ಲದಿದ್ದರೂ ಸದಸ್ಯರ ಸಾಲು ಉಳಿಯುವಂತೆ ಜೋಡಿಸುತ್ತದೆ), ಸದಸ್ಯ ಸಂಖ್ಯೆಯ ಮೇಲೆ ಗ್ರೂಪ್ ಬೈ ಮಾಡುತ್ತದೆ. ಒಂದು ಸಾಲೂ ಬರದಿದ್ದರೆ ಸದಸ್ಯರೇ ಇಲ್ಲ. ಸಾಲು ಬಂದು ಮೊತ್ತ ನಲ್ ಇದ್ದರೆ ಮುಂಗಡವನ್ನೇ ಪಡೆದಿಲ್ಲ. ಮೊತ್ತ ಇದ್ದರೆ ಅದೇ ಬಾಕಿ, ತೀರಿದ್ದರೆ ಸೊನ್ನೆ. ಮೊತ್ತ ಓದಲು ಗೆಟ್‌ಬಿಗ್‌ಡೆಸಿಮಲ್, ಅದು ನಲ್ ಅನ್ನು ನಲ್ ಆಗಿಯೇ ಕೊಡುತ್ತದೆ.

ಮುಂಗಡಕ್ಕೆ ಆಪ್ಷನಲ್ ಸಾಲದು

ಆಪ್ಷನಲ್‌ಗೆ ಎರಡೇ ಸ್ಥಿತಿ. ಮುಂಗಡಕ್ಕೆ ಮೂರು ಬೇಕು. ‘ಮುಂಗಡಸ್ಥಿತಿ’ ಎಂಬ ಸೀಲ್ಡ್ ಇಂಟರ್‌ಫೇಸ್ (ಹೆಸರಿಸಿದ ಬಗೆಗಳಿಗಷ್ಟೇ ತನ್ನಡಿ ಜಾಗ ಕೊಡುವ ಚೌಕಟ್ಟು) ಮಾಡಿ, ಅದರಡಿ ಮೂರು ರೆಕಾರ್ಡ್‌ಗಳನ್ನು (ಮೌಲ್ಯ ಹೊರುವ ಸರಳ ಕ್ಲಾಸ್‌ಗಳನ್ನು) ಬರೆದರು. ಸೀಲ್ಡ್ ಸೌಲಭ್ಯ ಜಾವಾ 17ರಲ್ಲಿ ಬಂದದ್ದು, ಅದರ ಮೇಲೆ ಮಾದರಿ ಹೊಂದಿಸುವ ಸ್ವಿಚ್ ಪೂರ್ಣವಾಗಿ ಬಂದದ್ದು 2023ರ ಜಾವಾ 21ರಲ್ಲಿ. ಪಟ್ಟಿಲೆಕ್ಕದ ತಿರುಳು ಈಗ ಹೀಗಿದೆ, ಕೀಲಿಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದರೆ:

ಸ್ವಿಚ್ (ಮುಂಗಡಭಂಡಾರ.ಸ್ಥಿತಿ(ಸಂಖ್ಯೆ)) {
  ಕೇಸ್ ಬಾಕಿಇದೆ ಬ → ಪಟ್ಟಿ.ಮುರಿದುಕೋ(ಬ.ಮೊತ್ತ());
  ಕೇಸ್ ಬಾಕಿಇಲ್ಲ ಇ → ಪಟ್ಟಿ.ಪೂರ್ತಿಕೊಡು();
  ಕೇಸ್ ಸದಸ್ಯಸಿಗಲಿಲ್ಲ ಸ → ತಡೆಪಟ್ಟಿ.ಸೇರಿಸು(ಲಾಟ್, ಸ.ಹುಡುಕಿದಸಂಖ್ಯೆ());
}

ಇದರಲ್ಲಿ ಡೀಫಾಲ್ಟ್ ಸಾಲು (ಉಳಿದೆಲ್ಲಕ್ಕೂ ಒಂದೇ ಉತ್ತರ) ಇಲ್ಲ, ಬೇಕೆಂದೇ ಬಿಟ್ಟದ್ದು. ಎಲ್ಲ ಸ್ಥಿತಿಗೂ ಉತ್ತರ ಬರೆದಿದೆಯೇ ಎಂದು ಕಂಪೈಲರ್ ತಾನೇ ನೋಡುತ್ತದೆ, ಡೀಫಾಲ್ಟ್ ಬರೆದರೆ ಆ ಕಾವಲು ಹೋಗುತ್ತದೆ. ಅದರ ಬೆಲೆ ಕೆಲವು ತಿಂಗಳಲ್ಲೇ ತಿಳಿಯಿತು. ವಿಲೀನವಾದ ಹಳೆಯ ಸಂಖ್ಯೆಗಳಿಗೆ ‘ಸಂಖ್ಯೆಬದಲಾಗಿದೆ’ ಎಂಬ ನಾಲ್ಕನೆಯ ಸ್ಥಿತಿ ಸೇರಿಸಿದಾಗ, ಅದಕ್ಕೆ ಉತ್ತರ ಬರೆಯದ ಪ್ರತಿ ಸ್ವಿಚ್ಚೂ ಕಂಪೈಲ್ ಆಗಲು ನಿರಾಕರಿಸಿತು. ಯಾವ ಯಾವ ಫೈಲ್ ತಿದ್ದಬೇಕೆಂದು ಯಾರೂ ನೆನಪಿಟ್ಟುಕೊಳ್ಳಬೇಕಾಗಲಿಲ್ಲ.

ಎಲ್ಲ ಹುಡುಕಾಟಕ್ಕೂ ಇಂಥ ಇಂಟರ್‌ಫೇಸ್ ಬೇಕೇ ಎಂಬ ಚರ್ಚೆ ತಂಡದೊಳಗೆ ಜೋರಾಗಿಯೇ ನಡೆಯಿತು. ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಹಣ ಹೊರಹೋಗುವ ಕಡೆ ಮತ್ತು ‘ಇಲ್ಲ’ ಎನ್ನುವುದಕ್ಕೆ ಎರಡಕ್ಕಿಂತ ಹೆಚ್ಚು ಅರ್ಥವಿರುವ ಕಡೆ ಮಾತ್ರ ಇದು ಬೇಕು. ಗ್ರಾಮದ ಪಿನ್‌ಕೋಡ್ ಹುಡುಕಲು ಆಪ್ಷನಲ್ ಧಾರಾಳವಾಯಿತು.

ನಲ್ ಆಬ್ಜೆಕ್ಟ್ ಅನ್ನು ಪೂರ್ತಿ ಕೈಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಪಟ್ಟಿಯಾದ ಮೇಲೆ ಬೆಳೆಗಾರರಿಗೆ ಎಸ್‌ಎಂಎಸ್ ಹೋಗುತ್ತದೆ. ಮೊಬೈಲ್ ದಾಖಲಾಗದ ಸದಸ್ಯರಿಗೆ ‘ಮೌನಸಂದೇಶಕ’ ಎಂಬ ಆಬ್ಜೆಕ್ಟ್ ಇದೆ, ‘ಕಳಿಸು’ ಎಂದರೆ ಅದು ಏನೂ ಮಾಡುವುದಿಲ್ಲ. ಏನೂ ಮಾಡದಿರುವುದೇ ಅಲ್ಲಿ ಸರಿಯಾದ ಕೆಲಸ. ಅದರೊಳಗಿನ ಯಾವ ಮೌಲ್ಯವೂ ಕೂಡಿಸುವ ಕಳೆಯುವ ಲೆಕ್ಕಕ್ಕೆ ಇಳಿಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಖಾಲಿಸದಸ್ಯನ ತೊಂದರೆ ಇದ್ದದ್ದು ಅದರ ಸೊನ್ನೆ ಕಳೆಯುವ ಲೆಕ್ಕದೊಳಗೆ ಹೋದದ್ದರಲ್ಲಿ.

ಪರದೆಯ ಮೇಲೆ

ಕೋಡ್ ಒಳಗೆ ಎಲ್ಲ ಸರಿಯಾದ ಮೇಲೂ ಶಾಖೆಯಲ್ಲಿ ಕುಳಿತವರಿಗೆ ‘ಫಲಿತಾಂಶ ಇಲ್ಲ’ ಎಂಬ ಎರಡು ಪದ ಕಂಡರೆ ಏನೂ ಪ್ರಯೋಜನವಿಲ್ಲ. ಈಗ ಪರದೆ ಹೇಳುವುದು: ಯಾವ ಸಂಖ್ಯೆ ಹುಡುಕಿತು, ಯಾವ ಶಾಖೆಯಲ್ಲಿ, ರದ್ದಾದ ಸದಸ್ಯತ್ವಗಳನ್ನೂ ನೋಡಿತೇ. ಜೊತೆಗೆ ‘ವಿಲೀನವಾದ ಶಾಖೆಯಲ್ಲಿ ಹ-214 ಇದೆ’ ಎಂಬ ಸೂಚನೆ. ಸೂಚನೆ ಒಂದೇ ಇದ್ದರೂ ತಂತ್ರಾಂಶ ತಾನಾಗಿ ಅದನ್ನು ಆರಿಸುವುದಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಇರುವ ಪ್ರದೇಶವಿದು. ತಂದೆ ಹೆಸರು, ಗ್ರಾಮ ತೋರಿಸಿ ಗುಮಾಸ್ತರೇ ಆರಿಸುವಂತೆ ಬಿಟ್ಟಿದೆ.

ಇದ್ದೂ ಸಿಗದ ಹೆಸರುಗಳ ಕಾಟವೂ ಇತ್ತು. ಕೆಲವರು ಸಂಖ್ಯೆಯನ್ನು ‘೨೧೪’ ಎಂದು ಕನ್ನಡ ಅಂಕಿಯಲ್ಲಿ ಒತ್ತುತ್ತಿದ್ದರು. ಹೆಸರುಗಳಲ್ಲಿ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅಕ್ಷರ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ‘ಮೊ’ ಎನ್ನುವಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು, ಕಾಣುವುದು ಒಂದೇ ಥರ, ಹೋಲಿಕೆಯಲ್ಲಿ ಬೇರೆ. ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಈ ಜೋಡಿಯನ್ನು ಒಂದಾಗಿಸುತ್ತದೆ, ಆದರೆ ಝಡ್‌ಡಬ್ಲ್ಯೂಎನ್‌ಜೆಯನ್ನು ಮುಟ್ಟುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಹುಡುಕಾಟಕ್ಕೆಂದೇ ಹೀಗೆ ಶುದ್ಧಗೊಳಿಸಿದ ಹೆಸರಿನ ಇನ್ನೊಂದು ಕಾಲಂ ಇಟ್ಟರು. ‘ಹೆಗಡೆ’ ಮತ್ತು ‘ಹೆಗ್ಡೆ’ ಮಾತ್ರ ಒಂದೆಂದು ಮಾಡಲಿಲ್ಲ, ಸೂಚನೆಯಾಗಿ ಪಕ್ಕದಲ್ಲಿ ತೋರಿಸಿದರು.

ನಂತರ

ಹೆಚ್ಚಾಗಿ ಹೋದ ಮುಂಗಡದ ಹಣವನ್ನು ಬೆಳೆಗಾರರು ತಮ್ಮ ಮುಂದಿನ ಲಾಟ್‌ನ ಪಟ್ಟಿಯಲ್ಲಿ ಮುರಿದುಕೊಳ್ಳಲು ಒಪ್ಪಿ ಬರೆದುಕೊಟ್ಟರು. ಲಾಟ್ ಟೇಬಲ್‌ಗೆ ಫಾರಿನ್ ಕೀ ಬಂತು, ಹಳೆಯ ತಪ್ಪು ಸಾಲುಗಳನ್ನು ಒಂದೊಂದಾಗಿ ತಿದ್ದಿದ ಮೇಲೆ. ಸಂಜೆಯ ಓಟ ಈಗ ಒಂದು ತಪ್ಪು ಲಾಟ್‌ಗೆ ನಿಲ್ಲುವುದಿಲ್ಲ. ಅದನ್ನು ಕಾರಣಸಹಿತ ತಡೆಪಟ್ಟಿಗೆ ಹಾಕಿ ಮುಂದೆ ಹೋಗುತ್ತದೆ, ಡೇಟಾಬೇಸ್ ಸಂಪರ್ಕವೇ ಹೋದರೆ ಮಾತ್ರ ಪೂರ್ತಿ ನಿಲ್ಲುತ್ತದೆ. ಸರಾಸರಿ ದರದ ವರದಿ ಮಾರಾಟವಾದ ಲಾಟ್‌ಗಳನ್ನಷ್ಟೇ ಎಣಿಸುತ್ತದೆ, ಒಂದೂ ಮಾರಾಟವಾಗದ ದಿನ ಸರಾಸರಿಯ ಜಾಗದಲ್ಲಿ ಗೆರೆ ಹಾಕುತ್ತದೆ.

ಹಳೆಯ ವಾರ್ಷಿಕ ವರದಿಗಳ ಭಾಗವನ್ನು ಇನ್ನೂ ಮುಟ್ಟಿಲ್ಲ. ಅಲ್ಲಿ ನಲ್ ಹಾಗೆಯೇ ಇದೆ. ಅದನ್ನು ಕರೆಯುವ ಗಡಿಯಲ್ಲಿ ಒಂದು ತೆಳು ಕ್ಲಾಸ್ ಇಟ್ಟು, ಒಳಗಿಂದ ಬಂದದ್ದನ್ನು ಆಪ್ಷನಲ್‌ನ ಆಫ್‌ನಲಬಲ್‌ನಲ್ಲಿ (ನಲ್ ಬಂದರೆ ಖಾಲಿ ಪೆಟ್ಟಿಗೆ ಕೊಡುವ ಮೆಥಡ್‌ನಲ್ಲಿ) ಸುತ್ತಿ ಹೊರಗೆ ಕೊಡುತ್ತಾರೆ. ಅಲ್ಲಿ ಆಫ್ ಬಳಸಿದರೆ ನಲ್ ಬಂದ ಕ್ಷಣವೇ ಎಕ್ಸೆಪ್ಷನ್ ಬರುತ್ತದೆ. ಹೊಸದಾಗಿ ಬರೆಯುವ ಪ್ರತಿ ಹುಡುಕಾಟಕ್ಕೂ ಈಗ ಕನಿಷ್ಠ ಮೂರು ಟೆಸ್ಟ್ ಕಡ್ಡಾಯ: ಇರುವ ಸಂಖ್ಯೆ, ಇಲ್ಲದ ಸಂಖ್ಯೆ, ಸಂಪರ್ಕ ಕಡಿದ ಡೇಟಾಬೇಸ್. ಇಲ್ಲದ ಸಂಖ್ಯೆಯ ಟೆಸ್ಟ್ ಉತ್ತರದ ಬಗೆಯನ್ನು ನೋಡಿ ನಿಲ್ಲುವುದಿಲ್ಲ, ಆ ಉತ್ತರ ಕೈಗೆ ಬಂದಾಗ ಪಟ್ಟಿಲೆಕ್ಕ ಒಂದು ರೂಪಾಯಿಯನ್ನೂ ಹೊರಗೆ ಬಿಡಲಿಲ್ಲ ಎನ್ನುವುದನ್ನೂ ನೋಡುತ್ತದೆ.